ಮೆತ್ತನೆಯ ಗುಂಡು

ನಾವು ಲಂಡನ್ನಿಗೆ ಬಂದು ಎರಡೋ ಮೂರೋ ವರ್ಷವಾಗಿತ್ತು. ತೊಂಬತ್ತರ ದಶಕದ ಮೊದಲ ಭಾಗ. ಕಿಂಗ್ಸ್‌ಬರಿಯ ಶಾಲೆಯೊಂದರ ಹಾಲ್ ಹಿಡಿದು ಕನ್ನಡದವರೆಲ್ಲ ಸೇರಿ ಯುಗಾದಿ ಮಾಡುತ್ತಿದ್ದರು. ಊಟಕ್ಕೆ ತಟ್ಟೆ ಹಿಡಿದು ನಿಂತಿದ್ದಾಗ ಹಿಂದಿದ್ದವರೊಬ್ಬರು ನನಗೆ ಎಲ್ಲಿ ಕೆಲಸ ಎಂದು ಕೇಳಿದರು. ಗುಂಡಿನ ಅಂಗಡಿಯಲ್ಲಿ ಎಂದೆ. ಸಾಲಿನಲ್ಲಿದ್ದ ಗಂಡಸರೆಲ್ಲ ಹೋ ಎಂದು ನಕ್ಕರು. "ಹಾಗಾದ್ರೆ ನಮ್ಮನ್ನೂ ಸ್ವಲ್ಪ ನೋಡ್ಕೊಳ್ಳಿ ಮೇಡಂ, ಒಳ್ಳೇ ಸ್ಕಾಚ್ ಬಂದ್ರೆ ಒಂದು ಫೋನ್ ಮಾಡಿ" ಎಂದರು ಒಬ್ಬರು. ಅವರ ಹೆಂಡತಿಯರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಪಲ್ಯದ ಕಡೆಗೆ ತಿರುಗಿಕೊಂಡರು.

ನಾನು ಹೇಳಿದ್ದು ರೈಫಲಿನ ಗುಂಡು. ಅವರು ತಿಳಿದದ್ದು ಬಾಟಲಿಯ ಗುಂಡು. ಈ ತಪ್ಪನ್ನು ನಮ್ಮ ಭಾಷೆಯವರಲ್ಲದೆ ಇನ್ನಾರೂ ಮಾಡಲಾರರು. ತಿದ್ದಬಹುದಿತ್ತು, ತಿದ್ದಲಿಲ್ಲ. ಹೆಂಗಸು ಹೆಂಡ ಮಾರುತ್ತಾಳೆ ಎಂದು ನಂಬುವ ಜನ, ಹೆಂಗಸು ರೈಫಲ್ ಮಾರುತ್ತಾಳೆ ಎಂದರೆ ನಂಬುವುದಿಲ್ಲ ಎಂದು ಅಷ್ಟು ಹೊತ್ತಿಗೆ ನನಗೆ ಚೆನ್ನಾಗಿ ಗೊತ್ತಾಗಿತ್ತು.

ಅಂಗಡಿ ಇದ್ದದ್ದು ಲಂಡನ್ನಿನ ಉತ್ತರದ ಅಂಚಿನಲ್ಲಿ. ಟ್ಯೂಬ್ ಮುಗಿದ ಮೇಲೆ ಮತ್ತೊಂದು ಬಸ್ಸು ಹಿಡಿಯಬೇಕು. ಒಂದು ಕಡೆ ಡ್ರೈಕ್ಲೀನಿಂಗ್, ಇನ್ನೊಂದು ಕಡೆ ಮೀನು-ಚಿಪ್ಸ್, ನಡುವೆ ಕಬ್ಬಿಣದ ಸರಳು ಹಾಕಿದ ಕಿಟಕಿ. ಅಲ್ಲಿಗೆ ನಾನು ಸೇರಿದ್ದು ನನ್ನ ಕೈಬರಹದಿಂದ. ಯಾರಿಗೆ ಯಾವ ಕ್ಯಾಲಿಬರಿನ ಎಷ್ಟು ತೋಟೆ ಹೋಯಿತು ಎಂದು ಪೊಲೀಸರಿಗೆ ತೋರಿಸುವ ಒಂದು ರಿಜಿಸ್ಟರ್ ಇರುತ್ತದೆ. ಅದನ್ನು ಓದುವಂತೆ ಬರೆಯಲು ಮಾಲೀಕರಿಗೆ ಒಬ್ಬರು ಬೇಕಿದ್ದರು. ಅವರು ವಯಸ್ಸಾದ ಇಂಗ್ಲಿಷರು, ಮಾತು ಕಡಿಮೆ. ಮೊದಲ ವಾರದಲ್ಲೇ ಗಿರಾಕಿಯೊಬ್ಬ ತನ್ನ ರೈಫಲಿಗೆ ಹೊಂದದ ಪೆಟ್ಟಿಗೆ ಎತ್ತಿಕೊಂಡು ಹೊರಟಾಗ ನಾನು ತಡೆದೆ. ಮಾಲೀಕರು ಹಿಂದಿನ ಕೋಣೆಯಿಂದ ಅದನ್ನು ನೋಡಿದರು. ಮರುದಿನದಿಂದ ನನ್ನನ್ನು ಕೌಂಟರಿಗೆ ನಿಲ್ಲಿಸಿದರು.

ನನಗೆ ಇದೆಲ್ಲ ಗೊತ್ತಿದ್ದದ್ದು ಕೊಡಗಿನಿಂದ. ವರ್ಷಕ್ಕೊಮ್ಮೆ ಕೋವಿಯನ್ನು ಒರೆಸಿ, ಹೂವಿಟ್ಟು, ಗಂಧ ಹಚ್ಚಿ ಕೈಮುಗಿಯುವ ಮನೆಯಲ್ಲಿ ಹುಟ್ಟಿದವಳು ನಾನು. ಅಪ್ಪ ನನಗೂ ತಮ್ಮನಿಗೂ ಭೇದ ಮಾಡದೆ ಕೋವಿ ಹಿಡಿಯುವುದನ್ನು ಕಲಿಸಿದ್ದರು. ಲಂಡನ್ನಿನಲ್ಲಿ ಅದಕ್ಕೆ ಕವಡೆ ಕಾಸಿನ ಬೆಲೆಯಿರಲಿಲ್ಲ. ಬಾಗಿಲು ತೆರೆದು ಒಳಬಂದವನು ಮೊದಲು ನನ್ನ ಹೆಗಲ ಮೇಲಿಂದ ಹಿಂದಕ್ಕೆ ಇಣುಕುತ್ತಿದ್ದ. ಆಮೇಲೆ, ಗೊತ್ತಿರುವವರು ಯಾರಾದರೂ ಇದ್ದಾರಾ ಎಂದು ಕೇಳುತ್ತಿದ್ದ. ನಾನಿದ್ದೇನೆ ಎನ್ನುತ್ತಿದ್ದೆ. ಅದಕ್ಕೂ ಅವನು, ಇಲ್ಲ, ನನಗೆ ಬುಲೆಟ್ ಬಗ್ಗೆ ಕೇಳಬೇಕು ಎನ್ನುತ್ತಿದ್ದ, ಬಸ್ಸಿನ ಟಿಕೆಟ್ ಕೊಡುವವಳ ಹತ್ತಿರ ವಿಮಾನ ಓಡಿಸುವುದನ್ನು ಕೇಳಲಾಗುತ್ತದೆಯೇ ಎಂಬಂತೆ. ದಿನಕ್ಕೆ ಮೂರು ಸಲ ಇದು ನಡೆದರೆ ಯಾರಿಗೆ ಮೈ ಉರಿಯುವುದಿಲ್ಲ ಹೇಳಿ.

ಮುಂದಿನ ಮಾತಿಗೆ ಬೇಕಾಗುವಷ್ಟನ್ನು ಇಲ್ಲಿ ಹೇಳಿಬಿಡುತ್ತೇನೆ. ಹಿತ್ತಾಳೆಯ ಕೊಳವೆ, ಅದರೊಳಗಿನ ಮದ್ದು, ತುದಿಯಲ್ಲಿ ಕೂತ ಗುಂಡು, ಎಲ್ಲ ಸೇರಿದರೆ ಅದು ತೋಟೆ. ಹಾರಿಹೋಗುವುದು ತುದಿಯ ಗುಂಡು ಮಾತ್ರ. ಆ ಗುಂಡಿನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರ ಮೂತಿಯಲ್ಲಿ ಸೀಸ ಬಯಲಾಗಿರುತ್ತದೆ, ಅದು ಮೈಗೆ ತಾಗಿದ ಕೂಡಲೇ ಅರಳಿ ಅಗಲವಾಗುತ್ತದೆ. ಇದಕ್ಕೆ ಸಾಫ್ಟ್ ಎನ್ನುತ್ತಾರೆ. ಇನ್ನೊಂದು ಪೂರ್ತಿ ಗಟ್ಟಿ, ಎಲ್ಲಿಗೆ ತಾಗಿದರೂ ರೂಪ ಕೆಡದೆ ನೇರ ಒಳಕ್ಕೆ ಹೋಗುತ್ತದೆ. ಇದು ಸಾಲಿಡ್. ಜಿಂಕೆಗೆ ಸಾಫ್ಟ್ ಬೇಕು, ಇಲ್ಲಿನ ಕಾನೂನೇ ಹಾಗೆ ಹೇಳುತ್ತದೆ, ಅದು ಬೇಗ ಕೊಲ್ಲುತ್ತದೆ. ಆದರೆ ಕಾಡುಕೋಣದಂಥ ದಪ್ಪ ಚರ್ಮದ, ದಪ್ಪ ಮೂಳೆಯ ಪ್ರಾಣಿಗೆ ಜಿಂಕೆಯ ಹಗುರ ಸಾಫ್ಟ್ ಹೊಡೆದರೆ ಅದು ಹೆಗಲ ಮೇಲೇ ಪುಡಿಯಾಗುತ್ತದೆ. ಪ್ರಾಣಿ ಸಾಯುವುದಿಲ್ಲ. ಗಾಯಗೊಂಡು ಪೊದೆಯೊಳಗೆ ಹೋಗಿ, ತಿರುಗಿ ನಿಂತು, ಹಿಂದೆ ಬರುವವನಿಗಾಗಿ ಕಾಯುತ್ತದೆ.

ಸರ್ಕಾರ ಪಿಸ್ತೂಲಿನಂಥ ಕೈಬಂದೂಕುಗಳನ್ನು ನಿಷೇಧಿಸಿ ನಮ್ಮ ಅಂಗಡಿಯ ಅರ್ಧ ಗೋಡೆ ಬರಿದಾಗಿದ್ದ ಕಾಲದಲ್ಲಿ, ಒಂದು ಮಧ್ಯಾಹ್ನ, ಮೈಸೂರಿನ ಡಾಕ್ಟರು ತಮ್ಮ ಹೆಂಡತಿಯೊಂದಿಗೆ ಬಂದರು. ದೊಡ್ಡ ಆಸ್ಪತ್ರೆಯಲ್ಲಿ ಕನ್ಸಲ್ಟೆಂಟ್, ಕನ್ನಡದವರ ಎಲ್ಲ ಸಮಾರಂಭಗಳಲ್ಲೂ ದೀಪ ಹಚ್ಚುವವರು. ಯುಗಾದಿಯ ಸಾಲಿನಲ್ಲಿ ಸ್ಕಾಚ್ ಕೇಳಿದವರು ಇವರೇ. ನನ್ನನ್ನು ನೋಡಿ ಬಾಗಿಲಲ್ಲೇ ನಿಂತರು.

"ನೀವಾ? ನೀವು ಯಾವುದೋ ಆಫ್-ಲೈಸೆನ್ಸಲ್ಲಿ, ಬಾಟಲಿ ಅಂಗಡೀಲಿ ಇದೀರಿ ಅಂದ್ಕೊಂಡಿದ್ದೆ."

"ಗುಂಡಿನ ಅಂಗಡಿ ಅಂದಿದ್ದೆ ಡಾಕ್ಟ್ರೇ. ಇದೇ ಅದು."

ಅವರು ನಕ್ಕರು. ಆಸ್ಪತ್ರೆಯ ಇಂಗ್ಲಿಷ್ ಗೆಳೆಯರ ಜೊತೆ ಸ್ಕಾಟ್ಲೆಂಡಿನಲ್ಲಿ ನಾಲ್ಕಾರು ಸಲ ಜಿಂಕೆ ಹೊಡೆದು ಅವರಿಗೆ ಅದರ ರುಚಿ ಹತ್ತಿತ್ತು. ಈಗ ಅದೇ ಗೆಳೆಯರೊಂದಿಗೆ ಆಫ್ರಿಕಕ್ಕೆ ಹೊರಟಿದ್ದರು, ಕಾಡುಕೋಣಕ್ಕೆ. ಅದಕ್ಕೆಂದೇ ದೊಡ್ಡ ಕ್ಯಾಲಿಬರಿನ ರೈಫಲ್ ಕೊಂಡಿದ್ದರು. ರೈಫಲಿಗೆ ಪೊಲೀಸರು ಕೊಟ್ಟ ಸರ್ಟಿಫಿಕೇಟನ್ನು ಕೌಂಟರಿನ ಮೇಲೆ ಇಟ್ಟರು. ಎಲ್ಲ ಸರಿಯಾಗಿತ್ತು. ನಾನು ಭಾರವಾದ ಸಾಲಿಡ್ ಪೆಟ್ಟಿಗೆಯನ್ನೂ, ಮೊದಲ ಈಡಿಗೆಂದು ಅಷ್ಟೇ ಭಾರದ, ಬೇಗ ಪುಡಿಯಾಗದಂತೆ ಬುಡ ಗಟ್ಟಿಯಿರುವ ಸಾಫ್ಟ್ ಪೆಟ್ಟಿಗೆಯನ್ನೂ ಕೆಳಗಿಳಿಸಿ ಅವರ ಮುಂದಿಟ್ಟೆ. ಅವರು ಎರಡನ್ನೂ ಬದಿಗೆ ಸರಿಸಿ, ಶೆಲ್ಫಿನಲ್ಲಿದ್ದ ಹಗುರ ಸಾಫ್ಟ್ ಪೆಟ್ಟಿಗೆಯ ಕಡೆ ಬೆರಳು ತೋರಿಸಿದರು.

"ಅದೇ ಸಾಕು. ಪ್ರಾಣಿಗೆ ಜಾಸ್ತಿ ಹಿಂಸೆ ಆಗಬಾರದು."

ಅವರ ಹೆಂಡತಿ ಅಲ್ಲಿಯವರೆಗೆ ಗೋಡೆಯ ಮೇಲಿನ ಜಿಂಕೆಯ ತಲೆಯನ್ನು ನೋಡದಿರಲು ಪ್ರಯತ್ನಿಸುತ್ತ ನಿಂತಿದ್ದರು. ಮೊಟ್ಟೆಯನ್ನೂ ಮುಟ್ಟದ ಮನೆಯವರು. "ಹೌದು, ಮೆತ್ತಗಿರೋದೇ ಕೊಡಿ" ಎಂದರು ಮೆಲ್ಲಗೆ. "ಪಾಪ, ಅದಕ್ಕೂ ಜೀವ ಅಲ್ವಾ."

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಾಫ್ಟ್ ಎಂದರೆ ಮೆತ್ತಗೆ, ಮೆತ್ತಗೆ ಎಂದರೆ ಕರುಣೆ, ಹೀಗೆ ಅವರು ತಿಳಿದಿದ್ದರು. ಗಂಡ ಹಾಗೆಯೇ ಹೇಳಿ ಕರೆತಂದಿದ್ದರು. ನಾನು ತಾಳ್ಮೆಯಿಂದ, ನನ್ನ ಮಟ್ಟಿಗೆ ಅದು ದೊಡ್ಡ ತಾಳ್ಮೆ, ಕೋಣದ ಮೂಳೆ ಎಂಥದು, ಹಗುರ ಗುಂಡು ಅಲ್ಲಿ ಏನಾಗುತ್ತದೆ, ಗಾಯದ ಕೋಣ ಏನು ಮಾಡುತ್ತದೆ ಎಂದು ವಿವರಿಸಿದೆ. ಡಾಕ್ಟರು ಕೇಳುತ್ತಿರಲಿಲ್ಲ. ಬಲ ಹೆಗಲಿನ ಮೂಳೆಯನ್ನು ಎಡಗೈಯಿಂದ ನೀವಿಕೊಳ್ಳುತ್ತಿದ್ದರು. ಆಮೇಲೆ ಸ್ವಲ್ಪ ದನಿ ಇಳಿಸಿ ಕೇಳಿದರು.

"ಒದೆತ ಕಮ್ಮಿ ಇರೋದು ಅದೇ ಅಲ್ವಾ?"

ನನಗೆ ಕಿವಿಯವರೆಗೆ ಬಿಸಿ ಏರಿತು. ಭಾರದ ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಜೋರಾಗಿ ಒದೆಯುತ್ತದೆ. ಹಗುರದ್ದು ಅಷ್ಟಾಗಿ ಒದೆಯುವುದಿಲ್ಲ. ಹಿಂಸೆಯಾಗಬಾರದು ಎಂದದ್ದು ಪ್ರಾಣಿಗಲ್ಲ, ಇವರ ಹೆಗಲಿಗೆ. ಅದಕ್ಕೆ ಕರುಣೆಯ ಹೊದಿಕೆ ಬೇರೆ. ಹೆಂಡತಿಯನ್ನೂ ಅದರಡಿಗೆ ಎಳೆದುಕೊಂಡಿದ್ದರು. ಆದರೆ ನನ್ನ ಮೈ ಬಿಸಿಯಾದದ್ದು ಅದೊಂದರಿಂದಲೇ ಅಲ್ಲ. ಅದೇ ಮಾತನ್ನು, ಅದೇ ಇಳಿದ ದನಿಯಲ್ಲಿ, ನಾನು ಇನ್ನೊಬ್ಬ ಮೈಸೂರಿನವರ ಬಾಯಲ್ಲಿ ಕೇಳಿದ್ದೆ.

ಬೇಟೆಗೆ ಕಾನೂನಿನ ತಡೆ ಬರುವುದಕ್ಕೆ ಮುಂಚಿನ ಮಾತು. ನನಗೆ ಹತ್ತೊಂಬತ್ತು. ಅಪ್ಪನ ಸ್ನೇಹಿತರೊಬ್ಬರು ಮೈಸೂರಿನಿಂದ ಕಾಟಿ ಹೊಡೆಯಲು ಬಂದಿದ್ದರು. ಕಾಡುಕೋಣಕ್ಕೆ ನಮ್ಮ ಕಡೆ ಕಾಟಿ ಎನ್ನುತ್ತಾರೆ. ಬೆಳಗಿನ ಕಾಫಿಯ ಹೊತ್ತಿಗೆ ಅಪ್ಪ ಎರಡು ಪೆಟ್ಟಿಗೆ ತೋಟೆ ತಂದು ಮೇಜಿನ ಮೇಲಿಟ್ಟರು. ಒದೆತ ಕಮ್ಮಿ ಇರೋದು ಯಾವುದು ಎಂದು ಅವರು ಕೇಳಿದರು. ಅಪ್ಪ ಗಟ್ಟಿ ಗುಂಡಿನ ಪೆಟ್ಟಿಗೆಯ ಮೇಲಿದ್ದ ಕೈ ತೆಗೆದು ಹಗುರದ್ದನ್ನು ಅವರ ಕಡೆ ಸರಿಸಿದರು. "ಅದು ಕಡವೆಗೆ, ಕಾಟಿಗೆ ಆಗೋದಿಲ್ಲ" ಎಂದೆ ನಾನು. ಬಂದವರು ನಕ್ಕು, ನಿಮ್ಮ ಮಗಳೇ ಬರಲಿ ಬೇಟೆಗೆ ಎಂದರು. ಅಪ್ಪ ನನ್ನ ಮುಖ ನೋಡದೆ, "ನೀನು ಒಳಗೆ ಹೋಗಮ್ಮ" ಎಂದರು. ನಾನು ಒಳಗೆ ಹೋದೆ.

ನಮ್ಮ ಕಾಫಿ ತೋಟದ ಆಳುಗಳ ಲೈನ್‌ಮನೆಯಲ್ಲಿ ಜಾಡು ಹಿಡಿಯುವವನೊಬ್ಬ ಇದ್ದ. ಅಪ್ಪನಿಗಿಂತ ಐದಾರು ವರ್ಷ ಚಿಕ್ಕವನು. ಮಣ್ಣಿನ ಮೇಲಿನ ಗೊರಸು ನೋಡಿ ಪ್ರಾಣಿ ಹಸಿದಿದೆಯೋ ಹೆದರಿದೆಯೋ ಹೇಳುತ್ತಿದ್ದ. ಬೇಟೆಯಲ್ಲಿ ಅವನದು ಮುಂದಿನ ಜಾಗ, ಕೈಯಲ್ಲಿ ಕತ್ತಿ ಮಾತ್ರ. ಆ ದಿನ ಮೈಸೂರಿನವರ ಗುಂಡು ಕಾಟಿಯ ಹೆಗಲಿಗೆ ತಾಗಿ ಅಲ್ಲೇ ಒಡೆಯಿತು. ಕಾಟಿ ಬಿದಿರುಮೆಳೆಗೆ ನುಗ್ಗಿತು. ಹೊಡೆದವರು ಮರದ ಕೆಳಗೆ ಕೂತು ಫ್ಲಾಸ್ಕಿನ ಕಾಫಿ ಕುಡಿದರು. ಜಾಡಿನವನು ರಕ್ತ ನೋಡಿಕೊಂಡು ಒಳಗೆ ಹೋದ, ಯಾಕೆಂದರೆ ಅವನ ಕೆಲಸ ಅದು. ಅವನನ್ನು ಕಂಬಳಿಯಲ್ಲಿ ಹೊತ್ತು ತಂದರು. ಮರುದಿನ ಅಪ್ಪ ಹೋಗಿ ಆ ಕಾಟಿಯನ್ನು ಗಟ್ಟಿ ಗುಂಡಿನಿಂದ ಹೊಡೆದು ಕೆಡವಿದರು. ಕೊಂಬು ಮೈಸೂರಿಗೆ ಹೋಯಿತು. ಊರೆಲ್ಲ, ಪಾಪ, ಕಾಟಿ ತಿವಿದು ಸತ್ತ ಎಂದಿತು. ಕಾಟಿ ತಿವಿದದ್ದು ನಿಜ. ಆದರೆ ಅವನನ್ನು ಕೊಂದದ್ದು ನಮ್ಮ ಮನೆಯ ಮೇಜಿನ ಮೇಲೆ, ಕಾಫಿ ಲೋಟಗಳ ನಡುವೆ, ಒಬ್ಬರ ಹೆಗಲು ನೋಯಬಾರದೆಂದು ಆರಿಸಿದ ಆ ಪೆಟ್ಟಿಗೆ. ಇದನ್ನು ಯಾರೂ ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಅಪ್ಪನನ್ನು ನಾನು ತುಂಬ ಪ್ರೀತಿಸಿದೆ, ಈ ಒಂದನ್ನು ಮಾತ್ರ ಕ್ಷಮಿಸಲಿಲ್ಲ. ಒಳಗೆ ಹೋದ ನನ್ನನ್ನೂ ಕ್ಷಮಿಸಿಲ್ಲ.

"ಆ ಪೆಟ್ಟಿಗೆ ಕೋಣಕ್ಕೆ ಅಂತ ನಾನು ಕೊಡೋದಿಲ್ಲ" ಎಂದೆ ಡಾಕ್ಟರಿಗೆ.

"ಕೊಡೋದಿಲ್ಲ ಅಂದ್ರೇನು? ಸರ್ಟಿಫಿಕೇಟ್ ಇದೆಯಲ್ಲ."

"ಸರ್ಟಿಫಿಕೇಟ್ ಇದೆ. ನಾನು ಕೊಡೋದಿಲ್ಲ."

ಅವರು ಥಟ್ಟನೆ ಇಂಗ್ಲಿಷಿಗೆ ಹೊರಳಿ, ಮಾಲೀಕರನ್ನು ಕರೆಯಿರಿ ಎಂದರು. ನಮ್ಮವರಿಗೆ ಸಿಟ್ಟು ಬಂದಾಗ ಮೊದಲು ಬಿಡುವುದು ಕನ್ನಡವನ್ನು. ಮಾಲೀಕರು ಕೈಯ ಎಣ್ಣೆ ಒರೆಸಿಕೊಳ್ಳುತ್ತ ಹಿಂದಿನ ಕೋಣೆಯಿಂದ ಬಂದರು. ಡಾಕ್ಟರು ಹೇಳಿದ್ದನ್ನೆಲ್ಲ ಕೇಳಿದರು, ಕೌಂಟರಿನ ಮೇಲಿದ್ದ ಎರಡು ಪೆಟ್ಟಿಗೆ ನೋಡಿದರು, ಈಕೆ ತೆಗೆದಿಟ್ಟದ್ದೇ ಸರಿ ಎಂದು ಹೇಳಿ ಒಳಗೆ ಹೊರಟುಹೋದರು. ಡಾಕ್ಟರ ಮುಖ ಕೆಂಪಾಯಿತು. ಲಂಡನ್ನಿನಲ್ಲಿ ಇದೊಂದೇ ಅಂಗಡಿ ಅಲ್ಲ ಎಂದು ಸರ್ಟಿಫಿಕೇಟ್ ಮಡಿಚಿಕೊಂಡರು. ಹೆಂಡತಿ ನನ್ನತ್ತ ಒಮ್ಮೆ ನೋಡಿ ಅವರ ಹಿಂದೆಯೇ ಹೋದರು.

ಮೊದಲ ದಿನ ಗೆದ್ದೆ ಎಂದುಕೊಂಡಿದ್ದೆ. ಮರುದಿನ ಬಸ್ಸಿನಲ್ಲಿ ಕೂತಾಗ ಗೊತ್ತಾಯಿತು, ಗೆದ್ದದ್ದೇನೂ ಇಲ್ಲ. ಅವರು ಹೇಳಿದ್ದು ನಿಜ, ಅಂಗಡಿಗಳು ಬೇಕಾದಷ್ಟಿದ್ದವು. ಇನ್ನೊಂದು ಕೌಂಟರಿನಲ್ಲಿ ಅವರು ಕೇಳಿದ್ದನ್ನು ಕೇಳಿದ ಹಾಗೆ ಕೊಡುತ್ತಾರೆ. ನನ್ನ ರಿಜಿಸ್ಟರಿನಲ್ಲಿ ಆ ಹೆಸರು ಬರುವುದಿಲ್ಲ ಅಷ್ಟೆ. ಅಲ್ಲಿ, ನಾನು ಎಂದೂ ನೋಡದ ಕಾಡಿನಲ್ಲಿ, ಇವರ ಮುಂದೆ ಬರಿಗೈಯಲ್ಲಿ ನಡೆಯುವ ಒಬ್ಬ ಮನುಷ್ಯನಿಗೆ ಅದರಿಂದ ಏನು ಉಪಯೋಗ. ಕೈ ತೊಳೆದುಕೊಂಡು ಸುಮ್ಮನಾಗುವುದು ಎಂದರೆ ಮತ್ತೊಂದು ಸಲ ಒಳಗೆ ಹೋದ ಹಾಗೆಯೇ.

ಕನ್ನಡದವರ ಟೆಲಿಫೋನ್ ಪಟ್ಟಿಯಲ್ಲಿ ಅವರ ಮನೆಯ ನಂಬರ್ ಇತ್ತು. ಡಾಕ್ಟರು ಆಸ್ಪತ್ರೆಯಲ್ಲಿರುವ ಹೊತ್ತು ನೋಡಿ, ಊಟದ ಬಿಡುವಿನಲ್ಲಿ ಅಂಗಡಿಯಿಂದಲೇ ಫೋನ್ ಮಾಡಿದೆ. ಆಕೆ ಎತ್ತಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಹೇಳಿ ಎಂದರು. ಮೇಜು, ಕಾಫಿ, ಎರಡು ಪೆಟ್ಟಿಗೆ, ಬಿದಿರುಮೆಳೆ, ಕಂಬಳಿ, ಒಂದನ್ನೂ ಬಿಡದೆ ಹೇಳಿದೆ. ನನ್ನ ಗಂಡನಿಗೂ ಅಲ್ಲಿಯವರೆಗೆ ಅಷ್ಟು ವಿವರವಾಗಿ ಹೇಳಿರಲಿಲ್ಲ. ಅವರ ಅಡುಗೆಮನೆಯಲ್ಲಿ ಕುಕ್ಕರ್ ಎರಡು ಸಲ ಕೂಗಿತು.

"ಮೆತ್ತಗೆ ಅಂದ್ರೆ ಒಡೆದುಹೋಗೋದು ಅಂತ ನಂಗೆ ಗೊತ್ತಿರಲಿಲ್ಲ" ಎಂದರು ಕೊನೆಗೆ. "ಇವ್ರು ಪ್ರಾಣಿಗೆ ನೋವಾಗಲ್ಲ ಅಂದ್ರು. ಮುಂದೆ ಒಬ್ಬ ನಡೀತಾನೆ ಅಂತ ಹೇಳಲೇ ಇಲ್ಲ."

"ಅವರಿಗೂ ಅದು ತಲೆಗೆ ಹೋಗಿರಲಿಕ್ಕಿಲ್ಲ" ಎಂದೆ. ಅಷ್ಟು ಉದಾರತೆ ನನ್ನಲ್ಲಿ ಎಲ್ಲಿಂದ ಬಂತೋ.

"ಹೋಗದೆ ಏನು" ಎಂದರು ಆಕೆ. "ಆ ಬೇಟೆ ಕಂಪನಿಯವರ ಬ್ರೋಷರಲ್ಲಿ, ಮುಂದೆ ನಡೆಯೋನ ಫೋಟೋನೇ ಇದೆ."

ಶನಿವಾರ ಇಬ್ಬರೂ ಬಂದರು. ಡಾಕ್ಟರು ಬಾಗಿಲ ಹತ್ತಿರ ನಿಂತು ಮೀನಿನ ಅಂಗಡಿಯ ಕಡೆ ನೋಡುತ್ತಿದ್ದರು. ಕೌಂಟರಿಗೆ ಬಂದವರು ಆಕೆ. ಬೇರೆ ಅಂಗಡಿಯಲ್ಲಿ ಕೊಂಡ ಹಗುರ ಸಾಫ್ಟ್ ಪೆಟ್ಟಿಗೆ ಅದಾಗಲೇ ಮನೆಯ ಲಾಕರಿನಲ್ಲಿತ್ತು, ಅದು ಆಮೇಲೆ ಗೊತ್ತಾಯಿತು. ಆಕೆ ನನ್ನತ್ತ ತಿರುಗಿ, ಅವತ್ತು ತೆಗೆದಿಟ್ಟಿದ್ದನ್ನೇ ಕೊಡಿ ಎಂದರು. ಡಾಕ್ಟರು ಅಲ್ಲಿಂದಲೇ, ಇದರಲ್ಲೆಲ್ಲ ನಿನಗೇನು ಗೊತ್ತು ಎಂದರು. ಆಕೆ ದನಿ ಏರಿಸಲಿಲ್ಲ. ಬೇಳೆಗೆ ಉಪ್ಪು ಸಾಲದು ಎನ್ನುವ ದನಿಯಲ್ಲೇ ಹೇಳಿದರು.

"ರೀ, ಗಟ್ಟಿಯಿರೋದು ತಗೊಳ್ಳಿ. ಇಲ್ಲಾಂದ್ರೆ ಅಲ್ಲಿ ಮುಂದೆ ನೀವೇ ನಡೀರಿ, ಅವನು ಹಿಂದೆ ಬರಲಿ."

ಡಾಕ್ಟರು ಬಂದು ಸರ್ಟಿಫಿಕೇಟ್ ಇಟ್ಟರು. ನನ್ನ ಮುಖ ನೋಡಲಿಲ್ಲ. ನಾನು ಎಂದಿಗಿಂತ ದುಂಡಗಿನ ಅಕ್ಷರದಲ್ಲಿ ರಿಜಿಸ್ಟರ್ ತುಂಬಿದೆ. ಮೊದಲ ಈಡಿಗೆ ಭಾರದ ಸಾಫ್ಟ್, ಅದರ ಹಿಂದೆ ಎಲ್ಲ ಸಾಲಿಡ್, ಈ ಕ್ರಮ ತಪ್ಪಬಾರದು ಎಂದು ಹೇಳಿದೆ. ಹೆಗಲಿಗೆ ರಬ್ಬರಿನ ಪ್ಯಾಡ್ ಬೇಕಿದ್ದರೆ ಅದೂ ಇದೆ ಎಂದೆ. ಬೇಡ ಎಂದವರು, ಬಾಗಿಲವರೆಗೆ ಹೋಗಿ, ಹಿಂದಿರುಗಿ ಬಂದು ಅದನ್ನೂ ಕೊಂಡರು.

ದೀಪಾವಳಿಯ ಊಟ ಆ ವರ್ಷ ಇಲ್ಫರ್ಡಿನಲ್ಲಿತ್ತು. ಡಾಕ್ಟರ ಸುತ್ತ ಗಂಡಸರ ಗುಂಪು, ಕೈಯಿಂದ ಕೈಗೆ ಫೋಟೋಗಳು. ನಾನು ಜಾಮೂನಿನ ಬಟ್ಟಲು ಹಿಡಿದು ಹತ್ತಿರ ಹೋಗಿ ನಿಂತೆ. ಮೊದಲ ಈಡು ಸ್ವಲ್ಪ ಹಿಂದಕ್ಕೆ ತಾಗಿತಂತೆ. ಕೋಣ ತಿರುಗಿ ನೇರ ಇವರ ಕಡೆಗೇ ಬಂತಂತೆ. ಜಾಡಿನವನು ನಡುವೆ ಸಿಕ್ಕಿಕೊಂಡನಂತೆ, ಪಕ್ಕಕ್ಕೆ ಹಾರಲೂ ಜಾಗವಿರಲಿಲ್ಲವಂತೆ. ಎರಡನೆಯ ಗುಂಡು ಎದೆಯ ಮೂಳೆ ಸೀಳಿ ಒಳಹೊಕ್ಕು ಕೋಣ ಅವನ ಕಾಲಿನಿಂದ ನಾಲ್ಕು ಮಾರು ಆಚೆಗೆ ಕುಸಿಯಿತಂತೆ.

"ಅದಕ್ಕೇ ನಾನು ಯಾವಾಗ್ಲೂ ಹೇಳೋದು" ಎಂದರು ಡಾಕ್ಟರು, "ಬಿಗ್ ಗೇಮ್‌ಗೆ ಸಾಲಿಡ್ಡೇ ಆಗಬೇಕು. ಸಾಫ್ಟ್ ತಗೊಂಡು ಹೋಗೋರು ಮೂರ್ಖರು."

ಗುಂಪೆಲ್ಲ ತಲೆದೂಗಿತು. ಯಾರೋ, ನಿಮಗೆ ಇದೆಲ್ಲ ಹೇಗೆ ಗೊತ್ತು ಡಾಕ್ಟ್ರೇ ಎಂದರು. ಓದಬೇಕು ರೀ ಎಂದರು ಡಾಕ್ಟರು. ಅವರ ಹೆಂಡತಿ ಎದುರಿನ ಮೇಜಿನಲ್ಲಿ ಎಲೆಯಡಿಕೆ ಜೋಡಿಸುತ್ತಿದ್ದರು, ತಲೆ ಎತ್ತಲಿಲ್ಲ. ನನ್ನ ನಾಲಗೆಯ ತುದಿಯವರೆಗೆ ಬಂದ ಮಾತನ್ನು ಜಾಮೂನಿನ ಜೊತೆ ನುಂಗಿದೆ. ಹೆಗಲಿನ ವಿಷಯ ಅಲ್ಲಿ ತೆಗೆದಿದ್ದರೆ ನನಗೆ ಎಷ್ಟು ಸುಖವಾಗುತ್ತಿತ್ತು ಎಂದು ಇಂದಿಗೂ ಅನಿಸುತ್ತದೆ.

ಆಗ ಆ ಫೋಟೋ ನನ್ನ ಕೈಗೆ ಬಂತು. ನಡುವೆ ಸತ್ತ ಕೋಣ, ಅದರ ಕೊಂಬಿನ ಮೇಲೆ ಕೈಯಿಟ್ಟು ಮಂಡಿಯೂರಿದ ಡಾಕ್ಟರು, ಹೊಸ ಟೋಪಿ. ಎಡ ಅಂಚಿನಲ್ಲಿ ಒಬ್ಬ ಮನುಷ್ಯ. ಅರ್ಧ ಮುಖ, ಒಂದು ತೋಳು, ಮಾಸಿದ ಚಡ್ಡಿ. ಅವನು ಕ್ಯಾಮೆರಾ ನೋಡುತ್ತಿರಲಿಲ್ಲ, ಕೋಣವನ್ನೂ ನೋಡುತ್ತಿರಲಿಲ್ಲ, ತಗ್ಗಿ ತನ್ನ ಕಾಲನ್ನೇ ನೋಡಿಕೊಳ್ಳುತ್ತಿದ್ದ. ಯಾರಿದು ಎಂದು ಕೇಳಿದೆ.

"ಅವನಾ? ಅಲ್ಲಿ ಕೆಲಸದವನು" ಎಂದರು ಡಾಕ್ಟರು. "ಕರೆಕ್ಟಾಗಿ ತೆಗೆದಿದ್ರೆ ಫ್ರೇಮಲ್ಲಿ ಬರ್ತಾನೇ ಇರಲಿಲ್ಲ."

ನನಗೊಂದು ಪ್ರತಿ ಬೇಕು ಎಂದೆ. ಅವರಿಗೆ ಬಹಳ ಸಂತೋಷವಾಯಿತು. ಎರಡಿದೆ, ಇಟ್ಟುಕೊಳ್ಳಿ, ಅಂಗಡಿಯಲ್ಲಿ ಹಾಕಿ, ಗಿರಾಕಿಗಳು ನೋಡಲಿ ಎಂದರು. ಮನೆಗೆ ಬಂದು ಸೀರೆಯನ್ನೂ ಬದಲಿಸದೆ ಕತ್ತರಿ ತೆಗೆದುಕೊಂಡೆ. ಕೋಣವನ್ನೂ ಡಾಕ್ಟರನ್ನೂ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದೆ. ಉಳಿದದ್ದು ಎರಡು ಬೆರಳಗಲದ ಪಟ್ಟಿ. ಅದರಲ್ಲಿ ಅವನು, ಎರಡು ಕಾಲ ಮೇಲೆ, ನಿಂತಿದ್ದ.